ಭೂಗರ್ಭದಲ್ಲಿ ಉಳಿದ ತೈಲವನ್ನು ಹೊರತೆಗೆಯುವಲ್ಲಿ ಸರ್ಫ್ಯಾಕ್ಟೆಂಟ್‌ಗಳ ಪಾತ್ರ

ಭಾರತವು ತನಗೆ ಅಗತ್ಯವಿರುವ ಕಚ್ಚಾ ತೈಲದ ಶೇ. 80ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಕಡಬ ತಾಲ್ಲೂಕಿನ ಆಲಂಕಾರಿನಂತಹ ಗ್ರಾಮಗಳಲ್ಲಿ ಅಡಿಕೆ ತೋಟದ ಸ್ಪ್ರೇಯರ್ ಓಡಿಸುವ ಪೆಟ್ರೋಲಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ದೇಶದ ಬಾವಿಗಳಿಂದಲೇ ಹೆಚ್ಚು ತೈಲ ಪಡೆಯುವುದು ಮಹತ್ವದ್ದಾಗಿದೆ. ಅದಕ್ಕಿರುವ ಒಂದು ವಿಧಾನವನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ತೈಲವು ಏಕೆ ಉಳಿಯುತ್ತದೆ?

ಕಚ್ಚಾ ತೈಲವು ನೆಲದಡಿಯಲ್ಲಿ ಕೆರೆಯಂತೆ ನಿಂತಿರುವುದಿಲ್ಲ. ಅದು ಮರಳುಗಲ್ಲಿನಂತಹ ಶಿಲೆಗಳ ಸೂಕ್ಷ್ಮ ರಂಧ್ರಗಳಲ್ಲಿ ಸೇರಿಕೊಂಡಿರುತ್ತದೆ. ಮೊದಲಿಗೆ ಸಹಜ ಒತ್ತಡದಿಂದಲೂ, ಅನಂತರ ಬಾವಿಯೊಳಕ್ಕೆ ನೀರನ್ನು ನೂಕುವುದರಿಂದಲೂ ತೈಲವನ್ನು ಪಡೆಯಲಾಗುತ್ತದೆ. ಇಷ್ಟಾದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ತೈಲವು ಶಿಲೆಯಲ್ಲಿಯೇ ಉಳಿಯುತ್ತದೆ. ನೀರು ಮತ್ತು ತೈಲ ಸಂಧಿಸುವಲ್ಲಿ ಉಂಟಾಗುವ ಮೇಲ್ಮೈ ಎಳೆತವು ತೈಲದ ಹನಿಗಳನ್ನು ರಂಧ್ರಗಳ ಇಕ್ಕಟ್ಟಿನಲ್ಲಿ ಹಿಡಿದಿಡುವುದೇ ಇದಕ್ಕೆ ಒಂದು ಮುಖ್ಯ ಕಾರಣ.

ಸರ್ಫ್ಯಾಕ್ಟೆಂಟ್ ಎಂದರೇನು?

ಇದರ ಅಣುವಿನ ಒಂದು ತುದಿ ನೀರನ್ನೂ ಮತ್ತೊಂದು ತುದಿ ಎಣ್ಣೆಯನ್ನೂ ಬಯಸುತ್ತದೆ. ಸಾಬೂನು ಇದಕ್ಕೆ ಸುಪರಿಚಿತ ಉದಾಹರಣೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ರಾಳ ಮತ್ತು ಸೋಡಾ ಕುದಿಸಿ ತಯಾರಿಸಿದ ಅಂಟನ್ನು ಸೇರಿಸುವುದುಂಟು. ರಾಳದ ಆಮ್ಲವು ಸೋಡಾದೊಡನೆ ಸೇರಿ ಸಾಬೂನಾಗುವುದರಿಂದ, ಮೇಣದಂತಹ ಸಿಪ್ಪೆಯ ಮೇಲೆಯೂ ದ್ರಾವಣವು ಹರಡಿ ನಿಲ್ಲುತ್ತದೆ.

ತೈಲಬಾವಿಯಲ್ಲಿ ಬಳಕೆ

ಇದೇ ರಸಾಯನ ಕ್ರಿಯೆಯು ಭೂಗರ್ಭದಲ್ಲಿಯೂ ಉಪಯುಕ್ತವಾಗಿದೆ. ನೀರಿನೊಡನೆ ಮೂರು ಪದಾರ್ಥಗಳನ್ನು ಒಳಕ್ಕೆ ಕಳುಹಿಸಲಾಗುತ್ತದೆ:

1. ಕ್ಷಾರ: ತೈಲದಲ್ಲಿರುವ ಆಮ್ಲಗಳೊಡನೆ ಸೇರಿ ಸ್ಥಳದಲ್ಲಿಯೇ ಸಾಬೂನನ್ನು ಉಂಟುಮಾಡುತ್ತದೆ.
2. ಸರ್ಫ್ಯಾಕ್ಟೆಂಟ್: ಮೇಲ್ಮೈ ಎಳೆತವನ್ನು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು ತಗ್ಗಿಸಿ, ಸಿಲುಕಿದ ಹನಿಗಳನ್ನು ಬಿಡಿಸುತ್ತದೆ.
3. ಪಾಲಿಮರ್: ನೀರನ್ನು ಮಂದವಾಗಿಸಿ, ತೈಲವನ್ನು ಸಮನಾಗಿ ಮುಂದೂಡುತ್ತದೆ.

ರಾಜಸ್ಥಾನದ ಬಾರ್ಮೇರ್ ಜಿಲ್ಲೆಯ ಮಂಗಳಾ ತೈಲಕ್ಷೇತ್ರವು 2004ರಲ್ಲಿ ಪತ್ತೆಯಾಗಿ, 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ ಪಾಲಿಮರ್ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಲಾಗಿದ್ದು, ಮೂರೂ ಪದಾರ್ಥಗಳ ಪ್ರಯೋಗವನ್ನೂ ನಡೆಸಲಾಗಿದೆ. ಈ ಕ್ಷೇತ್ರದ ತೈಲವು ಮಂಗಳೂರಿನ ಸಂಸ್ಕರಣಾಗಾರದಲ್ಲಿಯೂ ಸಂಸ್ಕರಣೆಗೊಂಡಿದೆ. ಚೀನಾದ ದಾಚಿಂಗ್ ಕ್ಷೇತ್ರದಲ್ಲಿ ಮೂರು ಪದಾರ್ಥಗಳ ವಿಧಾನವು ವ್ಯಾಪಕವಾಗಿ ಬಳಕೆಯಾಗಿದೆ.

ಮಿತಿಗಳು

* ಸರ್ಫ್ಯಾಕ್ಟೆಂಟ್‌ನ ಒಂದು ಭಾಗವು ಶಿಲೆಗೆ, ವಿಶೇಷವಾಗಿ ಜೇಡಿಗೆ, ಅಂಟಿಕೊಂಡು ನಷ್ಟವಾಗುತ್ತದೆ.
* ಗಡಸು ನೀರಿನಲ್ಲಿ ಸಾಬೂನು ಒಡೆಯುವಂತೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿರುವಲ್ಲಿ ಪರಿಣಾಮ ಕುಗ್ಗುತ್ತದೆ.
* ಹೊರಬಂದ ತೈಲ ಮತ್ತು ನೀರು ಮಜ್ಜಿಗೆಯಂತೆ ಬೆರೆತಿರುವುದರಿಂದ ಅವುಗಳನ್ನು ಬೇರ್ಪಡಿಸಲು ಹೆಚ್ಚಿನ ವೆಚ್ಚ ತಗಲುತ್ತದೆ.

ಹೀಗಾಗಿ ಪ್ರತಿಯೊಂದು ಕ್ಷೇತ್ರದ ಶಿಲೆ, ನೀರು ಹಾಗೂ ತೈಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಮಿಶ್ರಣವನ್ನು ನಿರ್ಧರಿಸಲಾಗುತ್ತದೆ. ಹೆಚ್ಚುವರಿಯಾಗಿ ದೊರೆಯುವ ತೈಲದ ಮೌಲ್ಯವು ರಾಸಾಯನಿಕಗಳ ವೆಚ್ಚವನ್ನು ಮೀರಿದಲ್ಲಿ ಮಾತ್ರ ಈ ವಿಧಾನವು ಲಾಭದಾಯಕವಾಗುತ್ತದೆ.