ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆಯೇ?

ಸ್ವಲ್ಪ ದೂರ ನಡೆಯುತ್ತಲೇ ಮೀನಖಂಡ ಬಿಗಿದು ನೋಯುತ್ತದೆ. ಕೆಲವು ನಿಮಿಷ ನಿಂತರೆ ಸರಿಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ನಿಮಗೋ ಮನೆಯ ಹಿರಿಯರಿಗೋ ಹೀಗಾಗುತ್ತಿದ್ದರೆ ‘ವಯಸ್ಸಾಯಿತು’ ಎಂದು ಬಿಟ್ಟುಬಿಡಬೇಡಿ. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರಬಹುದು. ಕುಳಿತಾಗ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು; ನಡೆಯುವಾಗ ಹೆಚ್ಚು ಬೇಕು, ಅಷ್ಟು ಬರುವುದಿಲ್ಲ. ತಂಬಾಕು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಇದಕ್ಕೆ ಮುಖ್ಯ ಕಾರಣಗಳು. ಇದೇ ಕಾಯಿಲೆ ಹೃದಯದ ಮತ್ತು ಮೆದುಳಿನ ರಕ್ತನಾಳಗಳಲ್ಲೂ ಇರುವ ಸಾಧ್ಯತೆ ಹೆಚ್ಚು.

‘ರಕ್ತಸಂಚಾರ ಸರಿಯಿಲ್ಲ’ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ತೊಂದರೆಗಳಿಗೆ ಬಳಸುತ್ತೇವೆ. ಸಂಜೆಯ ಹೊತ್ತಿಗೆ ಕಾಲು ಊದಿ ಭಾರವಾಗಿ, ಮೇಲೆತ್ತಿ ಮಲಗಿದರೆ ಹಗುರಾದರೆ, ಅದು ಸಾಮಾನ್ಯವಾಗಿ ರಕ್ತ ಹಿಂತಿರುಗಿಸುವ ಅಭಿಧಮನಿಗಳ ತೊಂದರೆ. ರಾತ್ರಿ ಪಾದ ಉರಿದು ನೋಯುತ್ತಾ, ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಮಾತ್ರ ಹಿತವೆನಿಸಿದರೆ ಅಪಧಮನಿಯ ಕಾಯಿಲೆ ಮುಂದುವರಿದಿರಬಹುದು, ಬೇಗ ತೋರಿಸಿ. ಊತಕ್ಕೆ ಹಾಕುವ ಬಿಗಿ ಸ್ಟಾಕಿಂಗ್ಸ್ ಈ ಎರಡನೆಯವರಿಗೆ ಅಪಾಯ ತರಬಹುದು. ವೈದ್ಯರು ಪರೀಕ್ಷಿಸದೆ ಕೊಳ್ಳಬೇಡಿ.

ಪರವೂರಿನ ವೈದ್ಯರ ಬಳಿ ಹಿಂದಿಯಲ್ಲೋ ತಮಿಳಿನಲ್ಲೋ ಬರೀ ‘ಕಾಲು ನೋವು’ ಎಂದರೆ ಮಂಡಿನೋವಿನ ಮಾತ್ರೆ ಸಿಕ್ಕೀತು. ಮೂರು ವಿಷಯ ಹೇಳಿ: ನೋವು ಎಲ್ಲಿ (ಕೈಯಿಟ್ಟು ತೋರಿಸಿ), ಎಷ್ಟು ದೂರ ನಡೆದಾಗ, ಎಷ್ಟು ನಿಮಿಷ ನಿಂತರೆ ಹೋಗುತ್ತದೆ. ಭಾಷೆ ತಡವರಿಸಿದರೂ ಇಷ್ಟು ಸಾಕು. ತೋಳಿನಲ್ಲೂ ಪಾದದ ಕೀಲಿನ ಬಳಿಯೂ ಬಿಪಿ ಅಳೆದು ಹೋಲಿಸುವ ಎಬಿಐ ಎಂಬ ಪರೀಕ್ಷೆಯಿದೆ. ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಡುಸಾಗಿ ಈ ಅಂಕಿ ಸುಳ್ಳೇ ಹೆಚ್ಚು ಬರಬಹುದು. ಆಗ ಹೆಬ್ಬೆರಳಿನ ಒತ್ತಡ ನೋಡುತ್ತಾರೆ.

ಚಿಕಿತ್ಸೆಯಲ್ಲಿ ಮೊದಲನೆಯದು ತಂಬಾಕು ಬಿಡುವುದು. ಬೀಡಿ, ಸಿಗರೇಟು, ಗುಟ್ಕಾ ಎಲ್ಲವೂ. ಎರಡನೆಯದು, ವಿಚಿತ್ರವೆನಿಸಿದರೂ, ನಡೆಯುವುದೇ. ನೋವು ಸಾಧಾರಣ ಮಟ್ಟಕ್ಕೆ ಬರುವವರೆಗೆ ನಡೆದು, ನಿಂತು, ನೋವು ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ಒಟ್ಟು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ. ನೋವಿಲ್ಲದೆ ನಡೆಯಬಲ್ಲ ದೂರ ಹೆಚ್ಚುತ್ತಾ ಹೋಗುತ್ತದೆ. ಎದೆನೋವು ಅಥವಾ ಪಾದದಲ್ಲಿ ಹುಣ್ಣು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಮಾತ್ರೆಗಳ ವಿಷಯದಲ್ಲಿ ಒಂದು ಗೊಂದಲವನ್ನು ಔಷಧಿ ಅಂಗಡಿಯಲ್ಲಿ ಪದೇ ಪದೇ ಕಾಣುತ್ತೇವೆ. ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಸ್ಟ್ಯಾಟಿನ್ ಬರೆದಿರುತ್ತಾರೆ. ‘ನೋವೇನೂ ಕಡಿಮೆಯಾಗಲಿಲ್ಲ’ ಎಂದು ಜನ ನಿಲ್ಲಿಸಿಬಿಡುತ್ತಾರೆ. ಅವು ಇರುವುದು ಮುಖ್ಯವಾಗಿ ಹೃದಯಾಘಾತ, ಪಾರ್ಶ್ವವಾಯು ತಡೆಯಲು, ನೋವಿಗಲ್ಲ. ನಡೆಯುವ ದೂರ ಹೆಚ್ಚಿಸಲು ಕೊಡುವ ಮಾತ್ರೆ ಸಿಲೋಸ್ಟಜೋಲ್. ಫಲ ಕಾಣಲು ಕೆಲವು ವಾರ ಬೇಕು. ಹಾರ್ಟ್ ಫೇಲ್ಯೂರ್ ಇರುವವರು ಇದನ್ನು ತೆಗೆದುಕೊಳ್ಳಲೇಬಾರದು, ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ಕೊಳ್ಳಬೇಡಿ.

ತಣ್ಣಗಾದ ಪಾದಕ್ಕೆ ಬಿಸಿನೀರಿನ ಚೀಲ ಇಡುವುದೂ ಬೇಡ. ಸ್ಪರ್ಶ ಕಡಿಮೆಯಿದ್ದರೆ ಸುಟ್ಟಿದ್ದು ತಿಳಿಯುವುದಿಲ್ಲ, ರಕ್ತ ಸಾಲದ ಕಡೆ ಗಾಯ ಮಾಯುವುದಿಲ್ಲ. ಕಾಲು ಕಳೆದುಕೊಳ್ಳುವ ಹಾದಿ ಇಂಥ ಸಣ್ಣ ಗಾಯದಿಂದಲೇ ಶುರುವಾಗಬಹುದು. ಕಾಲುಚೀಲ ಹಾಕಿ, ದಿನವೂ ಬೆರಳ ಸಂದಿ ನೋಡಿ. ಹುಣ್ಣು ಅಥವಾ ಕಪ್ಪಾದ ಬೆರಳು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋಯುತ್ತಾ ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಕಾಲು ಉಳಿಸಲು ಇರುವುದು ಕೆಲವೇ ಗಂಟೆ.