ಚಹದ ಸುಂಕವೂ ಮನೆಯ ರಾಟೆಯೂ

ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಕೊಳ್ಳುವಂತೆ ದೊರೆಯು ಪ್ರಜೆಯಿಂದ ಕರವನ್ನು ಕೊಳ್ಳಬೇಕೆಂಬುದು ನಮ್ಮ ಹಿರಿಯರ ರಾಜನೀತಿ. ಈ ನೀತಿಯನ್ನು ಮರೆತ ಇಂಗ್ಲೆಂಡಿನ ಮಂತ್ರಿಗಳು ಅಮೆರಿಕದ ಹದಿಮೂರು ವಸಾಹತುಗಳನ್ನು ಕಳೆದುಕೊಂಡ ವೃತ್ತಾಂತವನ್ನು ಓದುವಾಗ, ರಣರಂಗಕ್ಕಿಂತಲೂ ಅಡಿಗೆಯ ಮನೆಯೇ ನಮ್ಮ ಕಣ್ಣಿಗೆ ಮೊದಲು ಬೀಳುವುದು.

ಫ್ರೆಂಚರೊಡನೆ ನಡೆದ ಯುದ್ಧವು ೧೭೬೩ರಲ್ಲಿ ಮುಗಿದಾಗ ಇಂಗ್ಲೆಂಡಿನ ಬೊಕ್ಕಸದ ಮೇಲೆ ಸಾಲದ ಹೊರೆಯು ಬಹಳವಾಗಿದ್ದಿತು. ಅಮೆರಿಕದಲ್ಲಿಟ್ಟ ಸೈನ್ಯದ ವೆಚ್ಚಕ್ಕೆ ಅಲ್ಲಿಯವರೂ ಕೊಡಲೆಂದು ಪಾರ್ಲಿಮೆಂಟು ೧೭೬೫ರಲ್ಲಿ ಛಾಪಾ ಕಾಯಿದೆಯನ್ನು ಮಾಡಿತು. ಕೋರ್ಟಿನ ಪತ್ರ, ವೃತ್ತಪತ್ರಿಕೆ, ಪಂಚಾಂಗ, ಕಡೆಗೆ ಇಸ್ಪೀಟಿನ ಎಲೆ, ಎಲ್ಲಕ್ಕೂ ಮುದ್ರೆ ಬೇಕಾಯಿತು. ವಸಾಹತಿನವರ ಆಕ್ಷೇಪವು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಹಕ್ಕನ್ನು ಕುರಿತದ್ದು: ತಮ್ಮ ಪ್ರತಿನಿಧಿಯೊಬ್ಬನೂ ಇಲ್ಲದ ಸಭೆಯು ತಮಗೆ ಕರವನ್ನು ವಿಧಿಸುವುದೆಂತು? ಬಾಸ್ಟನಿನಲ್ಲಿ ಮುದ್ರೆ ಹಂಚಬೇಕಾಗಿದ್ದ ಅಧಿಕಾರಿಯ ಬೊಂಬೆಯನ್ನು ಮರಕ್ಕೆ ತೂಗುಹಾಕಿದರು. ಆತನು ಕೆಲಸವನ್ನು ಬಿಡುವೆನೆಂದು ಮಾತುಕೊಟ್ಟನು. ಅಷ್ಟಕ್ಕೇ ನಿಲ್ಲದೆ ಲೆಫ್ಟೆನೆಂಟ್ ಗವರ್ನರ್ ಹಚಿನ್‌ಸನ್ನನ ಮನೆಯನ್ನು ಒಡೆದು ಸೂರೆಗೈದರು. ಈ ಪುಂಡಾಟವನ್ನು ನಾವು ಮೆಚ್ಚಲಾರೆವು. ವ್ಯಾಪಾರಿಗಳು ಇಂಗ್ಲೆಂಡಿನ ಸರಕನ್ನು ತರಿಸದೆ ಹೋದುದೇ ಇದಕ್ಕಿಂತ ಬಲವಾದ ಅಸ್ತ್ರ. ಲಂಡನ್ನಿನ ವರ್ತಕರೇ ಮೊರೆಯಿಡಲು, ೧೭೬೬ರಲ್ಲಿ ಕಾಯಿದೆಯು ರದ್ದಾಯಿತು.

ಮರುವರ್ಷವೇ ಗಾಜು, ಸೀಸ, ಬಣ್ಣ, ಕಾಗದ, ಚಹಗಳ ಮೇಲೆ ಹೊಸ ಸುಂಕ ಬಂದಿತು. ಆಗ ಗೃಹಿಣಿಯರು ಮುಂದೆ ಬಂದರು. ಪಾದ್ರಿಗಳ ಮನೆಗಳಲ್ಲಿ ರಾಟೆಗಳೊಡನೆ ನೆರೆದು ದಿನವಿಡೀ ನೂತರು. ಮನೆಯಲ್ಲಿ ನೆಯ್ದ ಒರಟು ಬಟ್ಟೆಯನ್ನು ಉಡುವುದೇ ಮಾನವೆನಿಸಿತು. ೧೭೬೮ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿಗಳು ಅಂತಹ ಬಟ್ಟೆಯನ್ನೇ ತೊಟ್ಟು ಪದವಿಯನ್ನು ಪಡೆದರು. ಚಹಕ್ಕೆ ಬದಲಾಗಿ ಕಾಡುಗಿಡಗಳ ಎಲೆಯನ್ನು ಕುದಿಸಿ ಕುಡಿದರು. ಮುಂಜಾನೆಯ ಕಾಫಿಯನ್ನು ಒಂದು ದಿನವಾದರೂ ಬಿಟ್ಟು ನೋಡಿದ ವಾಚಕರಿಗೆ ಇದರ ಕಷ್ಟವು ತಿಳಿಯದಿರದು.

೧೭೭೦ರಲ್ಲಿ ಮಿಕ್ಕ ಸುಂಕಗಳು ಹೋಗಿ ಚಹದ್ದು ಮಾತ್ರ ಉಳಿಯಿತು. ಪೌಂಡಿಗೆ ಮೂರು ಪೆನ್ಸು. ೧೭೭೩ರ ಕಾಯಿದೆಯ ಚಮತ್ಕಾರವನ್ನಾದರೋ ನೋಡಬೇಕು. ಸಂಕಟದಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯನ್ನು ಉಳಿಸಲೆಂದು, ಅದರ ಚೀಣಾ ಚಹವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಲು ಅಪ್ಪಣೆಯಾಯಿತು. ಇದರಿಂದ ಬೆಲೆಯು ಏರಲಿಲ್ಲ, ಇಳಿಯುವಂತಾಯಿತು! ಆದರೂ ಅಗ್ಗದ ಚಹವನ್ನು ಕುಡಿದರೆ ಸುಂಕದ ಹಕ್ಕನ್ನೇ ಒಪ್ಪಿದಂತಾಗುವುದೆಂದು ಜನರು ಬೇಡವೆಂದರು. ಕಳ್ಳಸಾಗಣೆಯ ಚಹವನ್ನು ಮಾರುತ್ತಿದ್ದ ವರ್ತಕರಿಗೆ ಇದರಿಂದ ನಷ್ಟವೊದಗುತ್ತಿದ್ದುದೂ ನಿಜವೇ. ಡಿಸೆಂಬರ್ ೧೬ರ ರಾತ್ರಿ, ಕೆಲವರು ಮೊಹಾಕ್ ಎಂಬ ಆದಿನಿವಾಸಿಗಳ ವೇಷವನ್ನು ತಳೆದು, ಬಾಸ್ಟನಿನ ರೇವಿನಲ್ಲಿದ್ದ ಮೂರು ಹಡಗುಗಳನ್ನು ಹತ್ತಿ ೩೪೨ ಪೆಟ್ಟಿಗೆಗಳ ಚಹವನ್ನು ನೀರಿಗೆ ಸುರಿದರು. ದಂಡನೆಯಾಗಿ ಬಾಸ್ಟನ್ ಬಂದರನ್ನೇ ಮುಚ್ಚಲಾಯಿತು.

೧೭೭೪ರ ಅಕ್ಟೋಬರ್ ೨೫ರಂದು ಉತ್ತರ ಕೆರೋಲಿನದ ಈಡೆಂಟನ್ ಊರಿನ ೫೧ ಮಂದಿ ಸ್ತ್ರೀಯರು, ಪ್ರಾಂತದ ಪ್ರತಿನಿಧಿಗಳು ಮಾಡಿದ ಬಹಿಷ್ಕಾರದ ನಿರ್ಣಯಗಳಿಗೆ ತಾವೂ ಬದ್ಧರೆಂದು ಬರೆದು, ತಂತಮ್ಮ ಹೆಸರನ್ನೇ ರುಜುಹಾಕಿದರು. ಹೆಂಗಸರಿಗೆ ರಾಜಕೀಯವೇಕೆಂದು ಲಂಡನ್ನಿನವರಿಗೆ ನಗೆ ಬಂದಿತು. ೧೭೭೫ರ ಮಾರ್ಚಿಯಲ್ಲಿ ಅವರನ್ನು ವಿಕಾರವಾಗಿ ಬರೆದ ಹಾಸ್ಯಚಿತ್ರವೊಂದು ಅಲ್ಲಿ ಅಚ್ಚಾಯಿತು. ಮರುತಿಂಗಳು ಯುದ್ಧವು ಮೊದಲಾಯಿತು.

ಆ ಯುದ್ಧದಲ್ಲಿ, ೧೭೮೧ರಲ್ಲಿ, ಯಾರ್ಕ್‌ಟೌನಿನಲ್ಲಿ ಸೇನೆಸಹಿತ ಶರಣಾಗತನಾದ ಕಾರ್ನ್‌ವಾಲಿಸನೇ ೧೭೯೨ರಲ್ಲಿ ನಮ್ಮ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧರಾಜ್ಯವನ್ನು ಬಿಡಿಸಿಕೊಂಡವನು.