ಹಿಮದ ಹಲಗೆಯ ಗುರುವಿಗೂ ಪರೀಕ್ಷೆ

ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಪಕ್ಕವಾಗಿ ನಿಂತು ಜಾರುವ ಆಟವೇ ಸ್ನೋಬೋರ್ಡಿಂಗ್. 1998ರ ನಾಗಾನೋ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಸಲ ಸ್ಥಾನ ದೊರೆಯಿತು. ಕೆನಡಾದ ಸ್ನೋಬೋರ್ಡ್ ಬೋಧಕರ ಸಂಘವು ಕಲಿಸುವವರಿಗೆ 4 ಹಂತಗಳ ಅರ್ಹತೆಯನ್ನು ಗೊತ್ತುಮಾಡಿದೆ. ಮೊದಲನೆಯದು ಹೊಸಬರಿಗೆ ಕಲಿಸಲು. ಎರಡನೆಯದು ಮಧ್ಯಮ ದರ್ಜೆಯವರಿಗೆ. ಇದರಲ್ಲಿ ಸವಾರಿ, ಬೋಧನೆ ಎರಡನ್ನೂ ಪರೀಕ್ಷಿಸುವರು.

ಹಲಗೆಯ ಪಕ್ಕಗಳು ನೇರವಾಗಿರದೆ ನಡುವೆ ಒಳಕ್ಕೆ ಬಾಗಿರುವುವು. ಆ ಬಾಗು 8 ಮೀಟರ್ ತ್ರಿಜ್ಯದ ವೃತ್ತದ ತುಣುಕೆಂದಿಟ್ಟುಕೊಳ್ಳೋಣ. ಹಲಗೆಯನ್ನು ಓರೆಮಾಡಿದಾಗ ಅದು ಸವಾರನ ಭಾರಕ್ಕೆ ಬಿಲ್ಲಿನಂತೆ ಬಾಗಿ, ಅಂಚಿನಿಂದ ಹಿಮವನ್ನು ಕೊರೆಯುತ್ತ ತಾನಾಗಿ ತಿರುಗುವುದು. ಓರೆ 60 ಡಿಗ್ರಿಯಾದರೆ ತಿರುವಿನ ತ್ರಿಜ್ಯ ಸುಮಾರು 4 ಮೀಟರಿಗೆ ಇಳಿಯುವುದು. ಹೊಸಬನು ಹಿಮವನ್ನು ಅಗಲಕ್ಕೆ ಕೆರೆದು ತಿರುಗಿದರೆ, ಬಲ್ಲವನ ಹಿಂದೆ ಉಳಿಯುವುದು ತೆಳ್ಳನೆಯ ಒಂದು ಗೀರು ಮಾತ್ರ.

ಆದರೆ ನಮಗೆ ಇದಕ್ಕಿಂತಲೂ ಕಠಿನವೆನಿಸುವುದು ಶಿಷ್ಯನ ದೋಷದ ಮೂಲವನ್ನು ಕಾಣುವುದು. ತಿರುವಿನಲ್ಲಿ ಹಲಗೆಯ ಹಿಂತುದಿ ಹೊರಕ್ಕೆ ಜಾರುತ್ತಿದ್ದರೆ ತಪ್ಪು ಕಾಲಿನದೆಂದೇ ತೋರುವುದು. ಎಷ್ಟೋ ವೇಳೆ ಅದು ಹೆಗಲಿನದು! ಹೆಗಲನ್ನು ಒಂದು ಕಡೆಗೆ ಬೀಸಿದರೆ ಕಾಲುಗಳು ಇನ್ನೊಂದು ಕಡೆಗೆ ತಿರುಗುವುವು. ತಿರುಗುವ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲದಿಂದೆತ್ತಿ ತೋಳು ಬೀಸಿದರೆ ಓದುಗರಿಗೂ ಇದು ಮನದಟ್ಟಾಗುವುದು. ಈ ಕಾರಣವನ್ನರಿಯದ ಗುರು ಶಿಷ್ಯನನ್ನು ಕಡಿದಾದ ಇಳಿಜಾರಿಗೆ ಕರೆದೊಯ್ದನೆನ್ನಿ. ಕೆಳಬದಿಯ ಅಂಚು ಹಿಮಕ್ಕೆ ಕಚ್ಚಿದೊಡನೆ ಶಿಷ್ಯನು ಕೈಯೂರಿ ಬೀಳುವನು. ಈ ಆಟದಲ್ಲಿ ಮಣಿಕಟ್ಟು ಮುರಿಯುವುದು ಬಹು ಸಾಮಾನ್ಯ. ಸೊಗಸಾಗಿ ಜಾರಬಲ್ಲವನೂ ಬೋಧನೆಯಲ್ಲಿ ಅನುತ್ತೀರ್ಣನಾಗುವುದುಂಟು.